ರಾಣಿಯನ್ನು ಪರಿಚಯಿಸುವುದೋ, ಹಚ್ಚುವುದೋ?

ಒಂದು ಕ್ರಿಯಾಪದ ಬೇಕಾಗಿದೆ. ಜೇನುಪೆಟ್ಟಿಗೆಯ ರಾಣಿ ಮುದಿಯಾದಾಗ ಅಥವಾ ಸತ್ತಾಗ ಬೇರೆ ಕಡೆಯಿಂದ ಹೊಸ ರಾಣಿಯನ್ನು ತಂದು, ಆ ನೊಣಗಳ ನಡುವೆ ಅದು ನೆಲೆ ನಿಲ್ಲುವಂತೆ ಮಾಡುತ್ತಾರಲ್ಲ, ಆ ಕೆಲಸಕ್ಕೆ ಕನ್ನಡದಲ್ಲಿ ಏನೆನ್ನಬೇಕು? ಇಂಗ್ಲಿಷಿನಲ್ಲಿ ‘ಇಂಟ್ರಡಕ್ಷನ್’ ಎನ್ನುತ್ತಾರೆ. ತೊಗರಿ ಬೆಳೆಗಾರರಿಗಾಗಿ ಜೇನುಸಾಕಣೆಯ ಕಿರುಹೊತ್ತಗೆಯೊಂದನ್ನು ಕನ್ನಡಕ್ಕೆ ತರಲು ಒಪ್ಪಿಕೊಂಡಿದ್ದ ನಾನು ಹಿಂದೆಮುಂದೆ ನೋಡದೆ ‘ರಾಣಿಯನ್ನು ಪರಿಚಯಿಸುವುದು’ ಎಂದು ಬರೆದುಬಿಟ್ಟೆ. ಅದರಿಂದ ಏನಾಯಿತು ಎಂಬುದನ್ನು ಮೊದಲು ಹೇಳುತ್ತೇನೆ, ಚರ್ಚೆ ಆಮೇಲೆ.

ಕಲಬುರಗಿಯಿಂದ ಆಳಂದಕ್ಕೆ ಹೋಗುವ ದಾರಿಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಹೊಲವಿದೆ. ತೊಗರಿ ಹೊಲದ ಬದುವಿನಲ್ಲಿ, ಬೇವಿನ ನೆರಳಿಗೆ, ಮೆಲ್ಲಿಫೆರಾ ಎಂಬ ವಿದೇಶಿ ಜೇನಿನ ನಾಲ್ಕು ಪೆಟ್ಟಿಗೆ. ಅವನಿಗೆ ಅದು ಮೊದಲ ವರ್ಷ, ರಾಣಿ ಬದಲಾಯಿಸಿದವನಲ್ಲ. ನನ್ನ ಕರಡನ್ನು ಮೊದಲು ಓದಿದವನೂ ಅವನೇ. ಅದರಲ್ಲಿ ಮೂರು ಸಾಲು ಹೀಗಿದ್ದವು: ಹಳೆಯ ರಾಣಿಯನ್ನು ತೆಗೆಯಿರಿ. ಹೊಸ ರಾಣಿಯನ್ನು ಪರಿಚಯಿಸಿರಿ. ಸ್ವೀಕಾರವಾಗಿದೆಯೇ ಎಂದು ಖಚಿತಪಡಿಸಿಕೊಳ್ಳಿರಿ. ಹೇಗೆ ಎಂಬ ವಿವರ ಮತ್ತು ಚಿತ್ರ ಮುಂದಿನ ಪುಟದಲ್ಲಿತ್ತು. ಅವನು ಪುಟ ತಿರುಗಿಸಲಿಲ್ಲ. ಬೆಂಕಿಪೊಟ್ಟಣದಷ್ಟೇ ಇದ್ದ ಡಬ್ಬಿಯಲ್ಲಿ ಬಸ್ಸಿನ ಪಾರ್ಸೆಲ್ ಆಗಿ ಬಂದಿದ್ದ ರಾಣಿಯನ್ನು ಹೊರಕ್ಕೆ ಬಿಟ್ಟು, ಪೆಟ್ಟಿಗೆಯೊಳಗಿನ ಎರಿಯ ಚೌಕಟ್ಟಿನ ಮೇಲೆ ನಡೆಯಲು ಬಿಟ್ಟು, ನನ್ನ ಪುಸ್ತಕ ಹೇಳಿದಂತೆ ಪರಿಚಯ ಮಾಡಿಸಿದ.

ನಾನೂ ಪಕ್ಕದಲ್ಲೇ ನಿಂತಿದ್ದೆ. ಕಳೆದ ಕಾರ್ತಿಕ, ತೊಗರಿ ಹಳದಿ ಹೂ ಬಿಟ್ಟಿತ್ತು. ರಾಣಿಯ ಬೆನ್ನ ಮೇಲೆ ನೀಲಿ ಚುಕ್ಕೆ ಇದ್ದುದರಿಂದ ನನ್ನ ಕನ್ನಡಕದ ಕಣ್ಣಿಗೂ ಕಾಣುತ್ತಿತ್ತು. ಎರಡು ಗೇಣು ನಡೆದಿರಬಹುದು. ಒಂದು ನೊಣ ಬಂದು ರೆಕ್ಕೆ ಹಿಡಿಯಿತು, ಇನ್ನೊಂದು ಕಾಲು ಹಿಡಿಯಿತು. ನೋಡನೋಡುತ್ತಿದ್ದಂತೆ ಮೂವತ್ತು ನಲವತ್ತು ನೊಣಗಳು ಮುಕುರಿಕೊಂಡು ದೊಡ್ಡ ಅಡಕೆ ಗಾತ್ರದ ಉಂಡೆಯಾದವು. ಉಂಡೆ ಅಲುಗಾಡುತ್ತಿತ್ತು, ಆದರೆ ಬಿಚ್ಚಿಕೊಳ್ಳುತ್ತಿರಲಿಲ್ಲ. ಅದನ್ನು ಹಾಗೆಯೇ ಎತ್ತಿ ನೀರಿನ ತಂಬಿಗೆಗೆ ಹಾಕಿದೆವು. ನೀರು ತಾಗಿದೊಡನೆ ನೊಣಗಳು ಒಂದೊಂದಾಗಿ ಬಿಟ್ಟವು; ರಾಣಿ ಮೇಲೆ ತೇಲಿತು, ಮತ್ತೆ ಅಲುಗಲಿಲ್ಲ. ಅವನು ನನ್ನನ್ನು ಬೈಯಲಿಲ್ಲ. ‘ಗುರುಗಳೇ, ಪರಿಚಯವೇನೋ ಚೆನ್ನಾಗಿಯೇ ಆಯಿತು’ ಎಂದ. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ತಪ್ಪು ಅವನದಲ್ಲ. ‘ಪರಿಚಯಿಸು’ ಎಂದರೆ ನಾವು ಏನು ತಿಳಿಯುತ್ತೇವೆ? ಮದುವೆ ಮನೆಯಲ್ಲಿ ಇಬ್ಬರನ್ನು ಎದುರುಬದುರು ನಿಲ್ಲಿಸಿ ‘ಇವರು ನಮ್ಮ ಬೀಗರು’ ಎನ್ನುವುದು. ವೇದಿಕೆಯ ಮೇಲೆ ಅತಿಥಿಯ ಬಗ್ಗೆ ಎರಡು ಮಾತು ಆಡುವುದು. ಒಂದು ಕ್ಷಣದ ಕೆಲಸ; ಮಾಡಿದರೆ ಮುಗಿಯಿತು. ಸಂಸ್ಕೃತದಲ್ಲಿ ಪರಿಚಯಕ್ಕೆ ಬಳಕೆ, ಅಭ್ಯಾಸ ಎಂಬ ಅರ್ಥಗಳೂ ಇವೆ, ‘ಪರಿಚಯವಾಗಲು ಕಾಲ ಬೇಕು’ ಎಂದು ನಾವೂ ಹೇಳುತ್ತೇವೆ, ಆದ್ದರಿಂದ ಪದ ತಪ್ಪಲ್ಲ ಎಂದು ಯಾರಾದರೂ ವಾದಿಸಬಹುದು. ಒಪ್ಪಿದೆ. ಆದರೆ ‘ಪರಿಚಯವಾಗು’ ಬೇರೆ, ‘ಪರಿಚಯಿಸು’ ಬೇರೆ. ಎರಡನೆಯದರಲ್ಲಿ ಆ ಕಾಲದ ಅಂಶವೇ ಉಳಿದಿಲ್ಲ. ಬೈಕ್ ಕಂಪನಿಗಳು ಪ್ರತಿ ದೀಪಾವಳಿಗೆ ಹೊಸ ಮಾದರಿಯನ್ನು ‘ಪರಿಚಯಿಸಿ’ ಆ ಪದವನ್ನು ಇನ್ನಷ್ಟು ತೆಳುವಾಗಿಸಿವೆ.

ಜೇನಿನಲ್ಲಿ ನಡೆಯುವುದು ಕ್ಷಣದ ಕೆಲಸವಲ್ಲ. ರಾಣಿಯ ಮೈಯಿಂದ ಹೊರಡುವ ವಾಸನೆಯೇ ಗೂಡಿನ ನೊಣಗಳಿಗೆ ಅದರ ಗುರುತು. ರಾಣಿಯ ಸುತ್ತ ಇರುವ ನೊಣಗಳು ಅದನ್ನು ನೆಕ್ಕಿ, ಬಾಯಿಂದ ಬಾಯಿಗೆ, ಮೀಸೆಯಿಂದ ಮೀಸೆಗೆ ಇಡೀ ಗೂಡಿಗೆ ಹಂಚುತ್ತವೆ. ರಾಣಿ ಇಲ್ಲವಾದರೆ ಕೆಲವೇ ಗಂಟೆಗಳಲ್ಲಿ ಗೂಡಿನ ಸದ್ದೇ ಬದಲಾಗುತ್ತದೆ. ಬೇರೆ ವಾಸನೆಯ ರಾಣಿ ಹಾಗೆಯೇ ನಡೆದು ಬಂದರೆ ಅದು ನೊಣಗಳ ಪಾಲಿಗೆ ಕಳ್ಳಿ. ಆದ್ದರಿಂದಲೇ ರಾಣಿಯನ್ನು ಜಾಲರಿಯ ಡಬ್ಬಿಯಲ್ಲಿಟ್ಟು, ಡಬ್ಬಿಯ ಬಾಯಿಗೆ ಸಕ್ಕರೆ ಪುಡಿ ಮತ್ತು ಜೇನುತುಪ್ಪ ಕಲಸಿದ ಗಟ್ಟಿ ಮುದ್ದೆ ತುಂಬಿ, ಮರಿಗಳಿರುವ ಎರಡು ಚೌಕಟ್ಟುಗಳ ನಡುವೆ ಸಿಕ್ಕಿಸುತ್ತಾರೆ. ನೊಣಗಳು ಆ ಮುದ್ದೆಯನ್ನು ತಿಂದು ದಾರಿ ಮಾಡುವ ಹೊತ್ತಿಗೆ ಎರಡು ಮೂರು ದಿನ ಕಳೆದಿರುತ್ತದೆ; ಅಷ್ಟರಲ್ಲಿ ವಾಸನೆ ಒಂದಾಗಿರುತ್ತದೆ. (ಈ ಮುದ್ದೆಗೆ ನಾನು ‘ಕ್ಯಾಂಡಿ’ ಎಂದೇ ಬರೆದಿದ್ದೆ. ಹುಡುಗನ ತಾಯಿ ಅದನ್ನು ಬೆರಳಲ್ಲಿ ಒತ್ತಿ ನೋಡಿ ‘ಹೋಳಿಗೆ ಕಣಕಕ್ಕಿಂತ ಸ್ವಲ್ಪ ಗಟ್ಟಿ ಇದೆ’ ಎಂದರು. ಅಂದಿನಿಂದ ನನ್ನ ಪುಸ್ತಕದಲ್ಲಿ ಅದು ‘ಸಕ್ಕರೆ ಕಣಕ’. ಈ ಪದದ ಬಗ್ಗೆ ನನಗೆ ಅನುಮಾನವಿಲ್ಲ.)

ಕ್ರಿಯಾಪದವೂ ಆ ತಾಯಿಯ ಬಾಯಿಂದಲೇ ಬಂತು. ಎರಡನೆಯ ರಾಣಿ ಬಂದಾಗ ಅವರು ಮಗನಿಗೆ ಕೇಳಿದ್ದು ಇಷ್ಟೇ: ‘ಇದನ್ನಾದರೂ ಸರಿಯಾಗಿ ಹಚ್ಚುತ್ತೀಯೇನಪ್ಪಾ?’

ಅವರ ತವರಿನಲ್ಲಿ ಕುರಿ ಸಾಕಿದವರು. ತಾಯಿ ಸತ್ತ ಮರಿಯನ್ನು ಬೇರೆ ಕುರಿಗೆ ಕೂಡಿಸುವುದಕ್ಕೆ ಅವರಲ್ಲಿ ‘ಮರಿ ಹಚ್ಚುವುದು’ ಎನ್ನುತ್ತಾರೆ. ಕುರಿ ತನ್ನ ಮರಿಯನ್ನು ಮೂಸಿಯೇ ಗುರುತಿಸುತ್ತದೆ. ಪರಕೀಯ ಮರಿ ಮೊಲೆಗೆ ಬಾಯಿ ಹಾಕಿದರೆ ಹಾಯುತ್ತದೆ. ಆ ಕುರಿಯ ಹಾಲನ್ನೇ ಹಿಂಡಿ ಮರಿಯ ಬೆನ್ನಿಗೆ, ಬಾಲದ ಬುಡಕ್ಕೆ ಸವರಿ, ಎರಡನ್ನೂ ಒಂದು ಮೂಲೆಯಲ್ಲಿ ಕಟ್ಟಿ ಹಾಕಿ ಕಾಯುತ್ತಿದ್ದರಂತೆ. ಕುರಿಯ ಕೆಲಸವೂ ಜೇನಿನ ಕೆಲಸವೂ ಒಂದೇ ತತ್ವದ ಮೇಲೆ ನಡೆಯುತ್ತವೆ ಎಂದು ಆಕೆಗೆ ಯಾರೂ ಹೇಳಿರಲಿಲ್ಲ. ಪದ ತಾನಾಗಿ ಅಲ್ಲಿಂದ ಇಲ್ಲಿಗೆ ದಾಟಿತು.

‘ಹಚ್ಚು’ ನಮ್ಮ ಕಡೆ ದುಡಿಯುವಷ್ಟು ಬೇರೆ ಯಾವ ಕ್ರಿಯಾಪದವೂ ದುಡಿಯುವುದಿಲ್ಲ. ದೀಪ ಹಚ್ಚುತ್ತೇವೆ, ಎಣ್ಣೆ ಹಚ್ಚುತ್ತೇವೆ. ಅದು ಎಲ್ಲ ಕಡೆಯೂ ಇದೆ. ಇಲ್ಲಿ ಸಸಿಯನ್ನೂ ಹಚ್ಚುತ್ತೇವೆ, ಮಗನನ್ನು ಶಾಲೆಗೆ ಹಚ್ಚುತ್ತೇವೆ, ಫೋನನ್ನೂ ಹಚ್ಚುತ್ತೇವೆ. ಇದರ ಜೋಡಿ ‘ಹತ್ತು’. ನಾವು ದೀಪ ಹಚ್ಚುತ್ತೇವೆ, ದೀಪ ಹತ್ತುತ್ತದೆ. ಸಸಿ ಹಚ್ಚುತ್ತೇವೆ, ಬೇರು ಬಿಟ್ಟರೆ ಸಸಿ ಹತ್ತಿತು ಎನ್ನುತ್ತೇವೆ. ಹಳಗನ್ನಡದ ‘ಪತ್ತು’ ಎಂಬ ಅಂಟಿಕೊಳ್ಳುವ, ಹಿಡಿದುಕೊಳ್ಳುವ ಅರ್ಥದ ಧಾತುವೇ ಇದರ ಮೂಲ. ‘ವಾಸನೆ ಹತ್ತಿತು’ ಎಂಬ ಮಾತೂ ಈ ಬಳಗದ್ದೇ ಎಂಬುದು ನನಗೆ ತಡವಾಗಿ ಹೊಳೆಯಿತು. ಜೇನಿನ ಮಟ್ಟಿಗೆ ಅದಕ್ಕಿಂತ ಸರಿಯಾದ ಮಾತು ಸಿಗಲಾರದು. ಇನ್ನು ಮೂರನೆಯ ರೂಪ ‘ಹಚ್ಚಿಕೊಳ್ಳು’. ಮೊಮ್ಮಗು ಅಜ್ಜಿಯನ್ನು ಬಹಳ ಹಚ್ಚಿಕೊಂಡಿದೆ ಎನ್ನುವುದು ಬೀದರದಿಂದ ಚಾಮರಾಜನಗರದವರೆಗೆ ಯಾರಿಗೂ ಹೊಸದಲ್ಲ.

ಈ ಮೂರನ್ನೂ ಸಾಲಾಗಿ ಇಟ್ಟರೆ ಕೆಲಸವೇ ಬಿಡಿಸಿ ಕಾಣುತ್ತದೆ. ರಾಣಿಯನ್ನು ಹಚ್ಚುವವರು ನಾವು. ಹಚ್ಚಿಕೊಳ್ಳುವುದು ನೊಣಗಳು. ಅವು ಹಚ್ಚಿಕೊಂಡರೆ ರಾಣಿ ಹತ್ತಿತು, ಇಲ್ಲದಿದ್ದರೆ ಹತ್ತಲಿಲ್ಲ. ‘ಪರಿಚಯಿಸು’ ಎಂದಾಗ ಎಲ್ಲವೂ ನಮ್ಮ ಕೈಯಲ್ಲೇ ಇದೆ ಎಂಬ ಭ್ರಮೆ ಹುಟ್ಟುತ್ತದೆ. ಆಮೇಲೆ ‘ಸ್ವೀಕಾರವಾಗಿದೆಯೇ’ ಎಂದು ಬೇರೊಂದು ಕಚೇರಿ ಪದವನ್ನು ತಂದು ತೇಪೆ ಹಾಕಬೇಕಾಗುತ್ತದೆ. ಹಚ್ಚಿದ ಸಸಿ ಹತ್ತದೆಯೂ ಹೋಗಬಹುದು ಎಂಬುದು ರೈತನಿಗೆ ಹೇಳಿಕೊಡಬೇಕಾದ ವಿಷಯವಲ್ಲ.

ಎರಡನೆಯ ಸಲ ಏನಾಯಿತೆಂದರೆ, ರಾಣಿಯಿಲ್ಲದ ಪೆಟ್ಟಿಗೆಯಲ್ಲಿ ಡಬ್ಬಿಯನ್ನು ಸಿಕ್ಕಿಸಿ ಮುಚ್ಚಿದ. ಮರುದಿನ ಸುಮ್ಮನೆ ಮುಚ್ಚಳ ಸರಿಸಿ ನೋಡಿದಾಗ ಜಾಲರಿಯ ಮೇಲೆ ನೊಣಗಳು ಕಿಕ್ಕಿರಿದಿದ್ದವು. ಬೆರಳಿನಿಂದ ಮೆಲ್ಲಗೆ ಸರಿಸಿದರೆ ಸರಿಯಲಿಲ್ಲ. ತಂತಿಯನ್ನು ಕಚ್ಚಿ ಹಿಡಿದಿದ್ದವು. ಇನ್ನೂ ಸಿಟ್ಟಿದೆ ಎಂದು ಅದರರ್ಥ. ನಾಲ್ಕನೆಯ ದಿನ ಮತ್ತೆ ಬೆರಳಾಡಿಸಿದಾಗ ಹೊಟ್ಟು ಸರಿದಂತೆ ಸರಿದವು, ಒಂದೆರಡು ಜಾಲರಿಯ ಕಂಡಿಯಲ್ಲಿ ನಾಲಗೆ ಚಾಚಿ ರಾಣಿಗೆ ಉಣಿಸುತ್ತಿದ್ದವು. ಈ ನಡುವೆ ನೊಣಗಳು ತಾವೇ ಬೇರೆ ರಾಣಿ ಮಾಡಿಕೊಳ್ಳಲು ಶೇಂಗಾಕಾಯಿಯಂತೆ ಜೋತುಬಿದ್ದ ಎರಡು ಮೇಣದ ಕೋಣೆಗಳನ್ನು ಕಟ್ಟಿದ್ದವು. ಅವನ್ನು ಚಿವುಟಿ ಹಾಕಿದ. ಹಾಗೇ ಬಿಟ್ಟರೆ ಹಚ್ಚಿದ ರಾಣಿ ಹತ್ತುವುದಿಲ್ಲ. ಅದಾಗಿ ವಾರಕ್ಕೆ ಫೋನು ಬಂತು. ಎರಿಯ ಕಣಗಳ ತಳದಲ್ಲಿ ಬಿಳಿ ದಾರದ ತುಣುಕಿನಂತೆ ನೆಟ್ಟಗೆ ನಿಂತ ಮೊಟ್ಟೆಗಳು ಕಂಡವಂತೆ. ಅವನು ಹೇಳಿದ ಮೊದಲ ಮಾತು ‘ಹತ್ತಿತು’ ಎಂದೇ. ಏನು ಹತ್ತಿತು ಎಂದು ನಾನು ಕೇಳಬೇಕಾಗಲಿಲ್ಲ.

ಈಗ ತಕರಾರುಗಳು. ದಕ್ಷಿಣದ ಕಡೆಯ ಗೆಳೆಯರೊಬ್ಬರಿಗೆ ‘ರಾಣಿ ಹಚ್ಚುವುದು’ ಎಂದು ಓದಿ ಹೇಳಿದೆ. ‘ಬಣ್ಣ ಹಚ್ಚುವುದೇ?’ ಎಂದರು. ನಗುವಂತಿಲ್ಲ, ಏಕೆಂದರೆ ರಾಣಿಗೆ ನಿಜವಾಗಿಯೂ ಬಣ್ಣ ಹಚ್ಚುತ್ತಾರೆ. ಯಾವ ವರ್ಷದ ರಾಣಿ ಎಂದು ತಿಳಿಯಲು ಜಗತ್ತಿನಾದ್ಯಂತ ಒಂದು ಲೆಕ್ಕವಿದೆ: ಇಸವಿಯ ಕೊನೆಯ ಅಂಕಿ 1 ಅಥವಾ 6 ಆದರೆ ಬಿಳಿ, 2 ಅಥವಾ 7 ಹಳದಿ, 3 ಅಥವಾ 8 ಕೆಂಪು, 4 ಅಥವಾ 9 ಹಸಿರು, 5 ಅಥವಾ 0 ನೀಲಿ. ನಮ್ಮ ರಾಣಿಗಳ ಬೆನ್ನಿನ ನೀಲಿ ಚುಕ್ಕೆ 2025ರದು. ಹಾಗಾದರೆ ಗೊಂದಲ ತಪ್ಪಿಸುವುದು ಹೇಗೆ? ವಿಭಕ್ತಿ ಇದೆಯಲ್ಲ. ‘ರಾಣಿಗೆ ಹಚ್ಚು’ ಎಂದರೆ ಬಣ್ಣ. ‘ಪೆಟ್ಟಿಗೆಗೆ ರಾಣಿಯನ್ನು ಹಚ್ಚು’ ಎಂದರೆ ಈ ಕೆಲಸ. ಆದರೆ ಮಾತಿನಲ್ಲಿ ನಾವು ‘-ಅನ್ನು’ ಪ್ರತ್ಯಯವನ್ನು ನುಂಗುತ್ತೇವೆ ಎಂಬುದೂ ನಿಜ.

ಬೇರೆ ಪದಗಳನ್ನೂ ತೂಗಿ ನೋಡಿದ್ದೇನೆ. ‘ಸೇರಿಸು’ ಬೇಡ: ಎರಡು ದುರ್ಬಲ ಜೇನು ಕುಟುಂಬಗಳನ್ನು ನಡುವೆ ತೂತು ಹಾಕಿದ ಪತ್ರಿಕೆಯ ಹಾಳೆ ಇಟ್ಟು ಒಂದು ಮಾಡುವ ಕೆಲಸಕ್ಕೆ ಅದು ಬೇಕು. ‘ಅಳವಡಿಸು’ ಎಂದರೆ ಪಂಪ್‌ಸೆಟ್ ನೆನಪಾಗುತ್ತದೆ. ‘ಒಗ್ಗಿಸು’ ಪರವಾಗಿಲ್ಲ, ಆದರೆ ಯಾರು ಯಾರಿಗೆ ಒಗ್ಗಬೇಕು ಎಂಬುದು ಅದರಲ್ಲಿ ಸ್ಪಷ್ಟವಿಲ್ಲ. ಮಲೆನಾಡಿನ ಪರಿಚಿತರೊಬ್ಬರು ‘ರಾಣಿ ಕೊಟ್ಟೆ’ ಎನ್ನುತ್ತಾರೆ. ಚುಟುಕಾಗಿದೆ, ಆದರೆ ಕೊಟ್ಟದ್ದನ್ನು ಪಡೆದವರ ಕಥೆ ಅದರಲ್ಲಿಲ್ಲ.

ಬಲವಾದ ಎದುರಾಳಿ ಒಂದೇ, ‘ಕೂಡಿಸು’. ಬೀದರದ ಗೆಳೆಯರು ‘ರಾಣಿ ಕೂಡಿಸುವುದು’ ಎನ್ನುತ್ತಾರೆ. ಇಲ್ಲಿ ಕೂಡಿಸು ಎಂದರೆ ಒಂದುಗೂಡಿಸು ಎಂದೂ ಹೌದು, ಕುಳ್ಳಿರಿಸು ಎಂದೂ ಹೌದು. ರಾಣಿಯನ್ನು ಗದ್ದುಗೆಯ ಮೇಲೆ ಕೂಡಿಸಿದ ಹಾಗೂ ಆಯಿತು, ನೊಣಗಳೊಂದಿಗೆ ಕೂಡಿಸಿದ ಹಾಗೂ ಆಯಿತು. ಮನೆಯಲ್ಲಿ ದಖನಿ ಉರ್ದು ಆಡುತ್ತ ‘ಬಿಠಾನಾ’ (ಕುಳ್ಳಿರಿಸುವುದು) ಎನ್ನುವವರಿಗೂ ಸಲೀಸು. ನನಗೆ ಇದು ಬಹುತೇಕ ಒಪ್ಪಿಗೆಯಾಗಿತ್ತು. ಆದರೆ ಮೈಸೂರಿನ ಓದುಗರಿಗೆ ಕುಳ್ಳಿರಿಸುವ ಅರ್ಥ ಥಟ್ಟನೆ ಹೊಳೆಯುವುದಿಲ್ಲ, ಕೂಡುವ ಲೆಕ್ಕವಷ್ಟೇ ಕಾಣುತ್ತದೆ. ಜೊತೆಗೆ ಅದರ ನಾಮರೂಪ ‘ಕೂಡಿಕೆ’ ಉತ್ತರದ ಹಲವು ಸಮುದಾಯಗಳಲ್ಲಿ ಮರುಮದುವೆಯ ಹೆಸರು. ಹೊಸ ರಾಣಿಯ ವಿಷಯದಲ್ಲಿ ಆ ಧ್ವನಿ ಸೊಗಸು ಎನ್ನುವವರೂ ಇರಬಹುದು. ನನ್ನ ಪುಸ್ತಕ ಓದುವ ಹೆಣ್ಣುಮಕ್ಕಳ ಮುಂದೆ ಆ ತಮಾಷೆ ನನಗೆ ಬೇಡ.

ಇದೇ ನೆಪದಲ್ಲಿ ಇನ್ನೆರಡು ಸಣ್ಣ ಪ್ರಶ್ನೆ. ರಾಣಿ ಸತ್ತ ಗೂಡಿಗೆ ಪುಸ್ತಕಗಳು ‘ರಾಣಿರಹಿತ ಕುಟುಂಬ’ ಎನ್ನುತ್ತವೆ. ನನ್ನ ವಿದ್ಯಾರ್ಥಿ ‘ಪರದೇಶಿ ಪೆಟ್ಟಿಗೆ’ ಎನ್ನುತ್ತಾನೆ. ಇಲ್ಲಿ ಪರದೇಶಿ ಎಂದರೆ ತಂದೆತಾಯಿ ಇಲ್ಲದ ಮಗು. ಎದೆಗೆ ತಾಗುವ ಮಾತು. ಆದರೆ ಮೆಲ್ಲಿಫೆರಾ ಯುರೋಪಿನಿಂದ ಬಂದ ಜೇನು, ನಮ್ಮ ತುಡುವೆಯಲ್ಲ. ಬೇರೆ ಜಿಲ್ಲೆಯವರು ‘ಪರದೇಶಿ ಪೆಟ್ಟಿಗೆ’ಯನ್ನು ವಿದೇಶಿ ಜೇನಿನ ಪೆಟ್ಟಿಗೆ ಎಂದೇ ಓದುತ್ತಾರೆ. ‘ತಬ್ಬಲಿ ಪೆಟ್ಟಿಗೆ’ ಎಂದು ಬರೆದಿದ್ದೇನೆ, ಮನಸ್ಸಿಲ್ಲದ ಮನಸ್ಸಿನಿಂದ.

ಎರಡನೆಯದು ಲಿಂಗದ್ದು. ರಾಣಿ ಮೊಟ್ಟೆ ಇಟ್ಟಳೋ, ಇಟ್ಟಿತೋ? ನಾನು ಇಲ್ಲೆಲ್ಲ ‘ಇತು’ ಬಳಸಿದ್ದೇನೆ. ನಮ್ಮಲ್ಲಿ ಮನೆಮಗಳನ್ನೇ ‘ಅದು ಬಂತು’ ಎನ್ನುವ ರೂಢಿ ಇರುವುದರಿಂದ ನನ್ನ ಕಿವಿಗೆ ಅದು ಅಗೌರವವಲ್ಲ. ಅರಿಸ್ಟಾಟಲ್ ಅದನ್ನು ಅರಸ ಎಂದೇ ತಿಳಿದಿದ್ದ. ಒಳಗೆ ಅಂಡಾಶಯವಿದೆ ಎಂದು ಕೊಯ್ದು ತೋರಿಸಲು 17ನೆಯ ಶತಮಾನದ ಡಚ್ ವಿಜ್ಞಾನಿ ಸ್ವಾಮ್ಮರ್‌ಡಾಮ್ ಬರಬೇಕಾಯಿತು. ಆಳ್ವಿಕೆಯೇನೂ ಮಾಡದ ಆ ಜೀವಕ್ಕೆ ‘ತಾಯಿನೊಣ’ ಹೆಚ್ಚು ಒಪ್ಪುತ್ತದೆ, ಆದರೆ ‘ರಾಣಿ’ ಊರೂರಲ್ಲಿ ಬೇರು ಬಿಟ್ಟಾಗಿದೆ. ಅದನ್ನು ಕೀಳುವ ಹುಮ್ಮಸ್ಸು ನನಗಿಲ್ಲ.

ನನಗೆ ತುರ್ತಾಗಿ ಬೇಕಾದದ್ದು ಇಷ್ಟು. ನಿಮ್ಮ ಸೀಮೆಯಲ್ಲಿ ಜೇನು ಸಾಕುವವರು ಈ ಕೆಲಸಕ್ಕೆ ಏನೆನ್ನುತ್ತಾರೆ? ಕೋಶದಲ್ಲಿ ಇರುವುದಲ್ಲ, ಬಾಯಲ್ಲಿ ಇರುವುದು. ‘ಸಸಿ ಹಚ್ಚು’ ಎಂಬ ಬಳಕೆ ಇಲ್ಲದ ಕಡೆ ‘ರಾಣಿಯನ್ನು ಹಚ್ಚುವುದು’ ಎಂದು ಓದಿದರೆ ಅರ್ಥವಾಗುತ್ತದೆಯೇ, ಅಥವಾ ಮೊದಲ ಸಲ ಬರುವಲ್ಲಿ ಒಂದು ಸಾಲಿನ ವಿವರಣೆ ಕೊಡಬೇಕೇ? ಅಧ್ಯಾಯದ ತಲೆಬರಹಕ್ಕೆ ನಾಮಪದವೇ ಬೇಕೆಂದು ಪುಟ ಜೋಡಿಸುವವರು ಹಟ ಹಿಡಿದಿದ್ದಾರೆ. ‘ಹಚ್ಚುವಿಕೆ’ ಎಂದು ಬರೆಯಲು ನನ್ನ ಕೈ ಏಳುತ್ತಿಲ್ಲ. ‘ರಾಣಿ ಹಚ್ಚುವ ಬಗೆ’ ಎಂದಿಟ್ಟರೆ ಸಾಕೇ? ಡಬ್ಬಿಯ ಚಿತ್ರವನ್ನಂತೂ ಅದೇ ಪುಟಕ್ಕೆ ತಂದಿದ್ದೇನೆ.