ಸಹಾಯ ಬೇಕು: 1896ರ ಈ ಪಟದಲ್ಲಿರುವವರು ಯಾರು?

ಎಲ್ಲರಿಗೂ ನಮಸ್ಕಾರ. ನಮ್ಮ ಬಸವನಗುಡಿ ಮನೆಯ ಹಾಲ್‌ನಲ್ಲಿ ತಲೆಮಾರುಗಳಿಂದ ಒಂದು ದೊಡ್ಡ ಭಾವಚಿತ್ರ ಇದೆ. ಜರಿ ಪೇಟ, ಕರಿ ಕೋಟು, ಹೆಗಲ ಮೇಲೆ ಜರಿಯಂಚಿನ ವಲ್ಲಿ. ಮೂಲೆಯಲ್ಲಿ 1896 ಅಂತ ಇದೆ, ಬರೆದವರ ಸಹಿ ಇಲ್ಲ. ಇವರು ನಮ್ಮ ಮುತ್ತಾತ, ಮೈಸೂರು ಸಂಸ್ಥಾನದಲ್ಲಿ ಅಮಲ್ದಾರರಾಗಿದ್ದರು (ತಾಲ್ಲೂಕಿನ ಆಡಳಿತ ನೋಡುವ ಅಧಿಕಾರಿ) ಅಂತ ಎಲ್ಲರೂ ಹೇಳುತ್ತಾ ಬಂದಿದ್ದಾರೆ.

ಆದರೆ ಲೆಕ್ಕ ಕೂಡುತ್ತಿಲ್ಲ. 1898ರ ಪ್ಲೇಗ್ ಸಮಯದಲ್ಲಿ ಪೇಟೆ ಬಿಟ್ಟು ಬಂದಾಗ ಮುತ್ತಾತ ಇನ್ನೂ ಶಾಲೆಗೆ ಹೋಗುವ ಹುಡುಗ ಅನ್ನುತ್ತಾರೆ ನಮ್ಮ ಸೋದರತ್ತೆ. ಪಟದಲ್ಲಿರುವವರಿಗೆ ಐವತ್ತಾದರೂ ಆಗಿರಬೇಕು. ಹಾಗಾದರೆ ಇವರು ಮುತ್ತಾತನ ಅಪ್ಪನಾ? ನೆಂಟರಿಗೆಲ್ಲ ಫೋಟೋ ಕಳಿಸಿ ಕೇಳಿದ್ದಾಯಿತು, ಯಾರಿಗೂ ಗೊತ್ತಿಲ್ಲ. ಅತ್ತೆಗೆ ತುಂಬಾ ವಯಸ್ಸಾಗಿದೆ. ಅವರಿರುವಾಗಲೇ ಗೊತ್ತಾಗಲಿ ಅನ್ನೋದು ನನ್ನ ಆಸೆ.

ಇನ್ನೊಂದು ಗೊಂದಲ. ಆ ಕಾಲದ ಸ್ಟುಡಿಯೋಗಳು ಫೋಟೋ ದೊಡ್ಡದು ಮಾಡಿ, ಅದರ ಮೇಲೆಯೇ ಬಣ್ಣ ಹಚ್ಚಿ ಕೊಡುತ್ತಿದ್ದವು, ಅಲ್ವಾ? ಭೂತಗನ್ನಡಿ ಹಿಡಿದು ನೋಡಿದೆ. ಕೋಟಿನ ಮೇಲೆ ಕುಂಚದ ಗೆರೆಗಳು ಕಾಣುತ್ತವೆ, ಮುಖ ಮಾತ್ರ ಫೋಟೋ ಥರ ನುಣುಪು. ಫ್ರೇಮ್ ಅಂಗಡಿಯವರು ಒರೆಸಿ ಪಾಲಿಶ್ ಮಾಡಿಕೊಡುತ್ತೇವೆ ಅಂದರು. ಬಣ್ಣವೇ ಎದ್ದು ಬಂದರೆ ಏನು ಗತಿ ಅಂತ ಕೊಡಲಿಲ್ಲ.

ವಿಧಾನಸೌಧದ ರಾಜ್ಯ ಪತ್ರಾಗಾರದಲ್ಲಿ 1890ರ ದಶಕದ ಅಮಲ್ದಾರರ ಹೆಸರು ಹುಡುಕಿದವರು ಇದ್ದೀರಾ? ಅಲ್ಲಿ ಯಾವ ದಾಖಲೆ ಕೇಳಬೇಕು? ಹಾಗೇ, ಇದು ತೈಲಚಿತ್ರವೋ ಬಣ್ಣ ಹಚ್ಚಿದ ಫೋಟೋನೋ ಅಂತ ಪಟಕ್ಕೆ ಏನೂ ಆಗದಂತೆ ನೋಡಿ ಹೇಳುವವರು ಬೆಂಗಳೂರಿನಲ್ಲಿ ಯಾರಿದ್ದಾರೆ?