ಅಪ್‌ಡೇಟ್: ‘ಲಕ್ಕಮ್ಮ’ ಹೆಸರಿನ ಅರ್ಥ ಸಿಕ್ಕಿತು

ಅಜ್ಜಿಯ ಹೆಸರು ‘ಲಕ್ಕಮ್ಮ’ ಎಲ್ಲಿಂದ ಬಂತು ಅಂತ ಹೋದ ವಾರ ಕೇಳಿದ್ದೆನಲ್ಲ, ಉತ್ತರ ಸಿಕ್ಕಿತು. ಲಕ್ಕಿ ಗಿಡದಿಂದ ಬಂದಿರಬಹುದು ಅನ್ನೋದಕ್ಕೆ ಆಧಾರ ಸಿಗಲಿಲ್ಲ. ‘ಲಕ್ಷ’ ಸಂಖ್ಯೆಯ ಊಹೆಯೂ ನಿಲ್ಲಲಿಲ್ಲ. ತದ್ಭವ (ಸಂಸ್ಕೃತ ಪದ ಕನ್ನಡದಲ್ಲಿ ರೂಪ ಬದಲಿಸಿಕೊಂಡಿದ್ದು) ನೋಡಿ ಅಂದವರ ಮಾತೇ ಸರಿಹೋಯ್ತು, ತುಂಬಾ ಥ್ಯಾಂಕ್ಸ್! ಪಕ್ಷ ಪಕ್ಕ ಆದಂತೆ, ಅಕ್ಷರ ಅಕ್ಕರ ಆದಂತೆ, ಲಕ್ಷ್ಮಿಯ ‘ಕ್ಷ’ ಕೂಡ ‘ಕ್ಕ’ ಆಗಿದೆ. ಅಂದರೆ ಲಕ್ಕಮ್ಮ ಅಂದರೆ ಲಕ್ಷ್ಮಮ್ಮನೇ.

ನನಗೆ ಅಚ್ಚರಿಯಾಗಿದ್ದು ಇನ್ನೊಂದು. ಯಕ್ಷಿ ಇದೇ ದಾರಿಯಲ್ಲಿ ಜಕ್ಕಿ ಆಗಿದೆ. 10ನೇ ಶತಮಾನದಲ್ಲಿ ನಾಗರಖಂಡವನ್ನು (ಈಗಿನ ಶಿವಮೊಗ್ಗ ಕಡೆಯ ಹಳೇ ನಾಡು) ಆಳಿದ ಜಕ್ಕಿಯಬ್ಬೆಯ ಹೆಸರಲ್ಲಿ ಇರೋದು ಅದೇ. ‘ಅಬ್ಬೆ’ ಅಂದರೆ ತಾಯಿ. 12ನೇ ಶತಮಾನದ ವಚನಕಾರ್ತಿ ಆಯ್ದಕ್ಕಿ ಲಕ್ಕಮ್ಮನಿಗೂ ಅಜ್ಜಿಯ ಹೆಸರೇ! ಹಳೇ ಕಾಲದ ಹೆಸರು ಅಂತ ಮನೆಯಲ್ಲಿ ಹಿಂಜರಿಯುತ್ತಿದ್ದರು. ಈಗ ಮಗಳಿಗೆ ಇದನ್ನೇ ಇಡುತ್ತಿದ್ದೇವೆ.