12 ವೇ ಡಿಬಿಗೆ 30 ವೈರ್: ಬಾಕ್ಸಿನೊಳಗೆ ಗೋಜಲಾಗದಂಗೆ ತರೋದು ಹೆಂಗೆ?

ವಿದ್ಯಾನಗರ_ಮನೆ:
ದಾವಣಗೆರೆ ವಿದ್ಯಾನಗರದ ಹಳೇ ಮನೆ. ಮರದ ಪಟ್ಟಿ ವೈರಿಂಗ್ ಪೂರ್ತಿ ಕಿತ್ತು, ಗೋಡೆ ಕಟಿಂಗ್ ಮಾಡಿ ಪೈಪ್ ಹಾಕಿಸ್ತಿದೀವಿ. ಒಟ್ಟು 10 ಸರ್ಕ್ಯೂಟ್: ಲೈಟ್-ಫ್ಯಾನ್ 3, ಅಡುಗೆಮನೆ, ವಾಷಿಂಗ್ ಮಷಿನ್, ಗೀಸರ್ 2, ಎಸಿ, ಬೋರ್ ಮೋಟಾರ್, ಇನ್ವರ್ಟರ್. 12 ವೇ ಎಸ್‌ಪಿಎನ್ ಡಿಬಿ (ಮನೆಯ ಸರ್ಕ್ಯೂಟ್‌ಗಳಿಗೆಲ್ಲ ಕರೆಂಟ್ ಹಂಚೋ, ಸಿಂಗಲ್ ಫೇಸ್‌ನ 12 ಸ್ವಿಚ್ ಕೂರೋ ಬಾಕ್ಸ್) ತಂದಿಟ್ಟಿದೀನಿ. ಮೇಲಿಂದ 25 ಎಂಎಂ ಪೈಪ್ ಮೂರು ಇಳಿಸಿದರೆ ಸಾಕು ಅಂತಾರೆ ಕೆಲಸದವರು. ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗೋ ಸ್ವಿಚ್) ಎರಡು ಹಾಕಿಸಬೇಕು ಅಂತಿದೀನಿ. ಬಾಕ್ಸಿನೊಳಗೆ ಎಷ್ಟು ವೈರ್ ಬಿಡಿಸಬೇಕು? ನ್ಯೂಟ್ರಲ್ ಎಲ್ಲಾ ಒಂದೇ ಕಡೆ ಕೊಟ್ಟರೆ ನಡೆಯುತ್ತಾ?

ಪೈಪು_ಬೆಂಡು:
ಮೂರು ಪೈಪ್ ಸಾಲಲ್ಲ ಸಾರ್. 10 ಸರ್ಕ್ಯೂಟ್ ಅಂದ್ರೆ ಫೇಸ್, ನ್ಯೂಟ್ರಲ್, ಅರ್ಥ್ ಸೇರಿ 30 ವೈರ್. 25 ಎಂಎಂ ಪೈಪಿನಲ್ಲಿ ಬೆಂಡ್ ಇದ್ದರೆ 2.5 ಸ್ಕ್ವೇರ್ ಎಂಎಂ ವೈರ್ ಆರು, 4 ಸ್ಕ್ವೇರ್ ಎಂಎಂ ಐದು, ಅಷ್ಟೇ ಲೆಕ್ಕ. ಹತ್ತು ವೈರ್ ತುರುಕಿ ಸ್ಪ್ರಿಂಗ್ ಹಾಕಿ ಎಳೆದರೆ ಬೆಂಡಿನ ಹತ್ತಿರ ಇನ್ಸುಲೇಷನ್ ಸಿಪ್ಪೆ ಏಳುತ್ತೆ. ಅದು ಅವತ್ತೇ ಗೊತ್ತಾಗಲ್ಲ, ಮಳೆಗಾಲದಲ್ಲಿ ಗೋಡೆ ತೇವ ಹಿಡಿದಾಗ ಆರ್‌ಸಿಸಿಬಿ ಬೀಳೋಕೆ (ಟ್ರಿಪ್ ಆಗೋಕೆ) ಶುರುವಾಗುತ್ತೆ. ಗೀಸರ್, ಎಸಿಗೆ ಒಂದೊಂದು ಪೈಪ್ ಬೇರೆ, ಉಳಿದವು ಎರಡೆರಡು ಸರ್ಕ್ಯೂಟ್‌ಗೆ ಒಂದು. ಅಲ್ಲಿಗೆ ಆರೇಳು ಪೈಪ್ ಆಯ್ತು. ಒಂದು ಸರ್ಕ್ಯೂಟ್‌ನ ಮೂರೂ ವೈರ್ ಒಂದೇ ಪೈಪಿನಲ್ಲೇ ಬರಬೇಕು. ಫೇಸ್ ಒಂದು ಕಡೆ, ನ್ಯೂಟ್ರಲ್ ಇನ್ನೊಂದು ಕಡೆ ತರಬೇಡಿ.

ಡಿಬಿ ಒಳಗಿನ ಅಂದ ನಿಂತಿರೋದು ಪೈಪಿನ ಸಾಲಿನ ಮೇಲೆ. ಗೋಡೆ ಕಟಿಂಗ್‌ಗೆ ಮುಂಚೆ ಎಂಸಿಬಿ (ಒಂದೊಂದು ಸರ್ಕ್ಯೂಟ್‌ನ ಟ್ರಿಪ್ ಸ್ವಿಚ್) ಯಾವ ಕ್ರಮದಲ್ಲಿ ಕೂರುತ್ತೆ ಅಂತ ಹಾಳೆ ಮೇಲೆ ಬರೆದುಕೊಳ್ಳಿ. ಎಡಕ್ಕೆ ಮೇನ್, ಆಮೇಲೆ ಆರ್‌ಸಿಸಿಬಿ, ಅದರ ಪಕ್ಕ ದೊಡ್ಡ ಲೋಡ್, ಕೊನೆಗೆ ಲೈಟು. ಪೈಪ್‌ಗಳೂ ಎಡದಿಂದ ಬಲಕ್ಕೆ ಅದೇ ಕ್ರಮದಲ್ಲಿ ಇಳೀಬೇಕು. ಒಂದು ಪೈಪ್ ಹಿಂದುಮುಂದಾದರೂ ಒಳಗೆ ವೈರ್ ಒಂದರ ಮೇಲೊಂದು ದಾಟಲೇಬೇಕು, ಆಮೇಲೆ ಎಷ್ಟು ಟೈ ಕಟ್ಟಿದರೂ ಅದು ಜಡೆನೇ. ಮೀಟರ್‌ನಿಂದ ಬರೋ ಮೇನ್ ಪೈಪ್ ಕೆಳಗಿಂದ ಬರಲಿ.

ಬಾಕ್ಸ್ ಕೂರೋದು 9 ಇಂಚಿನ ಗೋಡೆ ತಾನೆ? ನಾಲ್ಕೂವರೆ ಇಂಚಿನದಾದರೆ ಬೇಡ, ಹಿಂಬದಿ ಪ್ಲಾಸ್ಟರ್ ಬಿರುಕು ಬಿಡುತ್ತೆ. ಆರೇಳು ಪೈಪ್ ಒಟ್ಟಿಗೆ ಇಳಿಯೋ ಜಾಗಕ್ಕೆ ಚಿಕನ್ ಮೆಶ್ ಹೊಡೆಸಿ ಆಮೇಲೆ ಪ್ಲಾಸ್ಟರ್ ಮಾಡಿಸಿ.

ಆರ್‌ಸಿಸಿಬಿ_ಬಿತ್ತು:
ಮೊದಲು ಬಾಕ್ಸ್ ಬದಲಾಯಿಸಿ. 12 ವೇ ಎಸ್‌ಪಿಎನ್ ಅಂದ್ರೆ ಸಾಮಾನ್ಯವಾಗಿ ಮೇನ್‌ಗೆ 2 ಮಾಡ್ಯೂಲ್ (ಒಂದು ಮಾಡ್ಯೂಲ್ ಅಂದ್ರೆ ಒಂದು ಎಂಸಿಬಿ ಕೂರೋ ಜಾಗ), ಹೊರಗೆ ಹೋಗೋದಕ್ಕೆ 12. ಎರಡು ಆರ್‌ಸಿಸಿಬಿ ನಾಲ್ಕು ಮಾಡ್ಯೂಲ್ ತಿಂದರೆ ಉಳಿಯೋದು 8. ನಿಮ್ಮ 10 ಎಲ್ಲಿ ಕೂರುತ್ತೆ? 16 ವೇ ತಗೊಳ್ಳಿ, ಎರಡು ಖಾಲಿ ಉಳಿಯುತ್ತೆ.

ನ್ಯೂಟ್ರಲ್ ಒಂದೇ ಕಡೆ ಕೊಡೋ ಹಾಗೇ ಇಲ್ಲ. ಆರ್‌ಸಿಸಿಬಿ ಒಂದಕ್ಕೆ ಒಂದು ನ್ಯೂಟ್ರಲ್ ಲಿಂಕ್ (ನ್ಯೂಟ್ರಲ್ ವೈರ್‌ಗಳನ್ನ ಸೇರಿಸೋ ಪಟ್ಟಿ). ಫೇಸ್‌ನಲ್ಲಿ ಹೋದ ಕರೆಂಟ್ ಅದೇ ಆರ್‌ಸಿಸಿಬಿಯ ನ್ಯೂಟ್ರಲ್‌ನಲ್ಲಿ ವಾಪಸ್ ಬಂದಿದೆಯಾ ಅಂತ ಅದು ನೋಡ್ತಾ ಇರುತ್ತೆ. 30 ಮಿಲಿ ಆಂಪಿಯರ್ ವ್ಯತ್ಯಾಸಕ್ಕೇ ಬೀಳಬೇಕು ಅಂತ ಇರೋ ಸಾಮಾನು. ಪಕ್ಕದ ಲಿಂಕ್‌ಗೆ ಒಂದು ನ್ಯೂಟ್ರಲ್ ಸೇರಿತೋ, ಆ ಲೈಟ್ ಹಾಕಿದ ಕೂಡಲೇ ಢಬ್. ಬಹಳ ಮನೆಗಳಲ್ಲಿ ‘ಪೀಸೇ ಸರಿ ಇಲ್ಲ’ ಅಂತ ಆರ್‌ಸಿಸಿಬಿ ತೆಗೆದು ಎಸೆದಿರೋದು ಈ ತಪ್ಪಿಗೇ.

ಇನ್ವರ್ಟರ್‌ನಲ್ಲಿ ಇದೇ ಕಥೆ ಇನ್ನೂ ಜಾಸ್ತಿ. ಇನ್ವರ್ಟರ್ ಪ್ಲಗ್ ಮೊದಲನೇ ಆರ್‌ಸಿಸಿಬಿ ಕೆಳಗೆ, ಅದರಿಂದ ಉರಿಯೋ ಲೈಟ್‌ಗಳ ನ್ಯೂಟ್ರಲ್ ಎರಡನೇ ಲಿಂಕ್‌ನಲ್ಲಿ ಇದ್ದರೆ ಕರೆಂಟ್ ಇದ್ದಾಗ ಎರಡೂ ಬೀಳುತ್ತವೆ. ಎರಡನ್ನೂ ಒಂದೇ ಗುಂಪಿನಲ್ಲಿಡಿ. ಮೇನ್ ಆಫ್ ಮಾಡಿದರೂ ಇನ್ವರ್ಟರ್ ಲೈನ್ ಜೀವಂತ ಇರುತ್ತೆ, ಡಿಬಿ ಬಾಗಿಲ ಒಳಗೆ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿ.

ದುರ್ಗದ_ಗೋಡೆ:
ವೈರ್ ಎಷ್ಟು ಬಿಡಬೇಕು ಅಂದ್ರಲ್ಲ: ಪೈಪಿನ ಬಾಯಿಂದ ಬಾಕ್ಸಿನ ಎತ್ತರ + ಅಗಲ + ಒಂದು ಗೇಣು. ಕಡಿಮೆ ಆದರೆ ಒಳಗೆ ಜಾಯಿಂಟ್ ಹಾಕಬೇಕಾಗುತ್ತೆ, ಡಿಬಿಯಲ್ಲಿ ಜಾಯಿಂಟ್ ಇರಲೇಬಾರದು. ಎಳೆಯುವಾಗಲೇ ಎರಡೂ ತುದಿಗೆ ನಂಬರ್ ಹಾಕಿ. ಪೆನ್ನಿನಲ್ಲಿ ಬರೆದದ್ದು ಪ್ಲಾಸ್ಟರ್ ಧೂಳಿಗೆ ಅಳಿಸಿ ಹೋಗುತ್ತೆ, ನಂಬರ್ ಫೆರುಲ್ (ವೈರ್‌ಗೆ ತೊಡಿಸೋ ನಂಬರಿನ ಪುಟ್ಟ ಕೊಳವೆ) ತೂರಿಸಿ.

ಫೇಸ್ ವೈರ್ ಬಾಕ್ಸಿನ ಅಂಚು ಹಿಡಿದು ಬಂದು ತನ್ನ ಎಂಸಿಬಿ ಎದುರಿಗೆ ನೇರ ತಿರುಗಲಿ. 10 ಸೆಂಟಿಮೀಟರ್‌ಗೊಂದು ಟೈ, ಬೆರಳಲ್ಲಿ ಒತ್ತಿದರೆ ವೈರ್ ಸ್ವಲ್ಪ ಜಾರುವಷ್ಟು ಸಡಿಲ. ಗೀಸರ್, ಎಸಿ ವೈರ್‌ಗಳನ್ನ ಲೈಟ್ ವೈರ್ ಜೊತೆ ಬಿಗಿದು ಕಟ್ಟಬೇಡಿ, ಬಿಸಿ ಹೊರಗೆ ಹೋಗಲ್ಲ. ಟೈ ಬಾಲವನ್ನ ಬುಡಕ್ಕೆ ಸರಿಯಾಗಿ ಕತ್ತರಿಸಿ, ಓರೆಯಾಗಿ ಉಳಿದ ಚೂಪು ಮುಂದೆ ಕೈ ಹಾಕಿದವನ ಬೆರಳು ಕೊಯ್ಯುತ್ತೆ.

ನಮ್ಮ ಕಡೆ ವೈರ್‌ಮನ್‌ಗಳು ವೈರಿನ ಎಳೆಗಳ ತುದಿಗೆ ಬೆಸುಗೆ ಸೀಸ (ಸೋಲ್ಡರ್) ಇಡೋದು ಚೆಂದ ಅಂದ್ಕೊಂಡಿದಾರೆ. ಬೇಡ. ಸ್ಕ್ರೂ ಒತ್ತಡಕ್ಕೆ ಸೀಸ ನಿಧಾನಕ್ಕೆ ಹರಡಿ ಸಡಿಲ ಆಗುತ್ತೆ, ಆಮೇಲೆ ಎಂಸಿಬಿ ಬಾಯಿ ಕಪ್ಪಾಗುತ್ತೆ. ಪಿನ್ ಲಗ್ (ವೈರ್ ತುದಿಗೆ ತೊಡಿಸೋ ಲೋಹದ ಪಿನ್ನು) ಹಾಕಿ ಇಕ್ಕಳದಲ್ಲಿ ಒತ್ತಿ ಕ್ರಿಂಪ್ ಮಾಡಿ.

ಚಿತ್ರದುರ್ಗದ ಹಳೇ ಕಲ್ಲುಗೋಡೆ ಮನೆಯವರು ಯಾರಾದರೂ ಓದ್ತಿದ್ದರೆ: ಕಲ್ಲು ಕೊರೆಯೋ ಸಾಹಸ ಬೇಡ. ಡಿಬಿ ಮೇಲಿಂದ ಚಾವಣಿವರೆಗೆ 100×50 ಎಂಎಂ ಪಿವಿಸಿ ಟ್ರಂಕಿಂಗ್ (ಗೋಡೆ ಮೇಲೆ ಕೂರೋ, ಮುಚ್ಚಳ ಇರೋ ಅಗಲ ಪೈಪ್) ಒಂದೇ ಇಳಿಸಿ, ಉಳಿದದ್ದು ಕೇಸಿಂಗ್ ಪಟ್ಟಿ. ಮುಚ್ಚಳ ತೆಗೆದರೆ ಎಲ್ಲಾ ಕಾಣುತ್ತೆ, ರಿಪೇರಿಗೂ ಸುಲಭ.

ವಿದ್ಯಾನಗರ_ಮನೆ:
ಗೋಡೆ 9 ಇಂಚಿನದೇ. ಬಾಕ್ಸ್ ವಾಪಸ್ ಕೊಟ್ಟು 16 ವೇ ತರ್ತೀನಿ, ಪೈಪ್ ಏಳು ಮಾಡಿಸ್ತೀನಿ. ಪ್ಲಾಸ್ಟರ್‌ಗೆ ಮುಂಚೆ ಏನಾದರೂ ಚೆಕ್ ಮಾಡಿಸಬೇಕಾ?

ಪೈಪು_ಬೆಂಡು:
ಪೈಪ್ ಕೂರಿಸಿದ ಮೇಲೆ ಬಾಯಿಗೆ ಕಾಗದ ತುರುಕಿ, ಇಲ್ಲಾಂದ್ರೆ ಗಾರೆ ಒಳಗೆ ಹೋಗುತ್ತೆ. ಬಾಕ್ಸಿನ ತಗಡಿನ ತೂತಿಗೆಲ್ಲ ಬುಷ್ (ತಗಡಿನ ಅಂಚು ವೈರ್ ಕೊಯ್ಯದಂಗೆ ತಡೆಯೋ ಬಳೆ) ಹಾಕಿಸಿ. ವೈರ್ ಎಳೆದ ಮೇಲೆ, ಎಂಸಿಬಿಗೆ ಕೊಡೋಕೆ ಮುಂಚೆ, 500 ವೋಲ್ಟ್ ಮೆಗ್ಗರ್‌ನಲ್ಲಿ (ಇನ್ಸುಲೇಷನ್ ಅಳೆಯೋ ಮೀಟರ್) ಫೇಸ್-ಅರ್ಥ್, ನ್ಯೂಟ್ರಲ್-ಅರ್ಥ್, ಫೇಸ್-ನ್ಯೂಟ್ರಲ್ ನೋಡಿಸಿ. ಕನಿಷ್ಠ 1 ಮೆಗಾಓಮ್, ಹೊಸ ವೈರ್ ಆದರೆ ಅದಕ್ಕಿಂತ ಎಷ್ಟೋ ಜಾಸ್ತಿ ತೋರಿಸಬೇಕು. ಎಲ್‌ಇಡಿ ಬಲ್ಬ್ ಒಂದೂ ಸಿಕ್ಕಿಸಿರಬಾರದು, ಸುಟ್ಟು ಹೋಗ್ತವೆ. ಬಳಸದ ತೂತುಗಳಿಗೆ ಬೂಚು ಹಾಕಿ, ಹಲ್ಲಿ ಒಳಗೆ ನುಗ್ಗಿ ಬಸ್‌ಬಾರ್ (ಎಂಸಿಬಿಗಳಿಗೆ ಕರೆಂಟ್ ಹಂಚೋ ಲೋಹದ ಪಟ್ಟಿ) ಮೇಲೆ ಸುಟ್ಟು ಅಂಟಿಕೊಂಡಿರುತ್ತೆ. ಮೇನ್ ವೈರ್ ಬದಲಾಯಿಸೋ ದಿನ ಬೆಸ್ಕಾಂ ಲೈನ್‌ಮನ್ ಬಂದು ಕರೆಂಟ್ ತೆಗೆಯೋವರೆಗೆ ಮೀಟರ್ ಸೀಲ್ ಹತ್ರ ಯಾರೂ ಕೈ ಹಾಕೋದು ಬೇಡ.